ಸೌದಿ ಅರೇಬಿಯಾ: ಬರುವುದು ಹೇಗೆ, ಓಡಾಡುವುದು ಹೇಗೆ?

ಸೌದಿಗೆ ಹೊಸದಾಗಿ ಬರುವ ಕನ್ನಡ ಬಂಧುಗಳು ನಮ್ಮನ್ನು ಮೊದಲು ಕೇಳುವುದೇ ಓಡಾಟದ ಬಗ್ಗೆ. ಸುಮಾರು 21.5 ಲಕ್ಷ ಚದರ ಕಿ.ಮೀ. ವಿಸ್ತೀರ್ಣದ ಈ ಮರಳುನಾಡು ನಮ್ಮ ಕರ್ನಾಟಕದ ಹನ್ನೊಂದು ಪಟ್ಟು ದೊಡ್ಡದು. ಆದ್ದರಿಂದ ಈ ಪುಟ್ಟ ಮಾಹಿತಿ.

ವಿಮಾನ: ರಿಯಾದ್, ಜೆದ್ದಾ, ದಮ್ಮಾಮ್ ಇಲ್ಲಿನ ಮೂರು ಮುಖ್ಯ ನಿಲ್ದಾಣಗಳು. ಕೆಲಸ ಇರುವ ಊರಿಗೆ ಹತ್ತಿರದ ನಿಲ್ದಾಣಕ್ಕೇ ಟಿಕೆಟ್ ತೆಗೆಯಿರಿ. ರಿಯಾದ್‌ನಿಂದ ಜೆದ್ದಾಕ್ಕೆ ರಸ್ತೆಯಲ್ಲಿ ಸುಮಾರು 950 ಕಿ.ಮೀ. ಇದೆ!

ರೈಲು: ರಿಯಾದ್-ದಮ್ಮಾಮ್ ಮಾರ್ಗ 1951ರಷ್ಟು ಹಳೆಯದು. ಮಕ್ಕಾ, ಜೆದ್ದಾ, ಮದೀನಾ ನಡುವಿನ ಹರಮೈನ್ ರೈಲು 2018ರಲ್ಲಿ ಆರಂಭವಾಯಿತು. ವೇಗ ಗಂಟೆಗೆ 300 ಕಿ.ಮೀ.ವರೆಗೆ. ಆದರೆ ರಿಯಾದ್-ಜೆದ್ದಾ ನಡುವೆ ರೈಲಿಲ್ಲ. ವಿಮಾನ, ಬಸ್ಸು ಅಥವಾ ಕಾರೇ ಗತಿ.

ನಗರದೊಳಗೆ: ರಿಯಾದ್ ಮೆಟ್ರೋ 2024ರ ಡಿಸೆಂಬರ್ 1ರಂದು ಶುರುವಾಯಿತು. ಆರು ಮಾರ್ಗ, 176 ಕಿ.ಮೀ. ಹಳದಿ ಮಾರ್ಗ ವಿಮಾನ ನಿಲ್ದಾಣಕ್ಕೆ ಹೋಗುತ್ತದೆ. ಕುಟುಂಬಗಳಿಗೆ ಪ್ರತ್ಯೇಕ ಬೋಗಿಯಿದೆ. 2018ರ ಜೂನ್‌ನಿಂದ ಮಹಿಳೆಯರೂ ಕಾರು ಓಡಿಸಬಹುದು. ಮಕ್ಕಳನ್ನು ಶಾಲೆಗೆ ಬಿಡಲು ಅಪ್ಪನನ್ನೇ ಕಾಯಬೇಕಾಗಿದ್ದ ಮನೆಗಳಿಗೆ ಇದು ಎಷ್ಟು ದೊಡ್ಡ ಬದಲಾವಣೆ ಎಂಬುದು ಇಲ್ಲಿದ್ದವರಿಗೇ ಗೊತ್ತು.

ಹೆದ್ದಾರಿ: ರಸ್ತೆಗಳು ಅಗಲ, ನೇರ, ನಿದ್ದೆ ಬರುವುದೂ ಅದಕ್ಕೇ. ರಾತ್ರಿ ಅಡ್ಡ ಬರುವ ಒಂಟೆಗಳು ದೊಡ್ಡ ಅಪಾಯ. ಕಾರು ಕಾಲಿಗೆ ತಾಗಿದರೆ ಒಂಟೆಯ ಇಡೀ ಮೈ ಗಾಜಿನ ಮೇಲೇ ಬೀಳುತ್ತದೆ. ಹಗಲಲ್ಲೇ ಹೊರಡಿ. ನೀರು ಧಾರಾಳವಾಗಿರಲಿ, ಟ್ಯಾಂಕ್ ಅರ್ಧವಾದಾಗಲೇ ಪೆಟ್ರೋಲ್ ತುಂಬಿಸಿ. ಮುಸ್ಲಿಮೇತರರಿಗೆ ಮಕ್ಕಾ ನಗರಕ್ಕೆ ಪ್ರವೇಶವಿಲ್ಲ. ರಿಯಾದ್‌ನಿಂದ ಜೆದ್ದಾಕ್ಕೆ ಹೋಗುವಾಗ ಫಲಕ ನೋಡಿಕೊಂಡು ಬೇರೆ ರಸ್ತೆ ಹಿಡಿಯಬೇಕು.

ಬಹ್ರೇನ್ ಸೇತುವೆ: 1986ರಲ್ಲಿ ತೆರೆದ, 25 ಕಿ.ಮೀ. ಉದ್ದದ ಕಿಂಗ್ ಫಹದ್ ಸೇತುವೆ ದಮ್ಮಾಮ್ ಕಡೆಯವರ ವಾರಾಂತ್ಯದ ದಾರಿ. ಒಂದು ಎಚ್ಚರಿಕೆ: ಮನೆಯ ಪ್ರತಿಯೊಬ್ಬರಿಗೂ, ಕೈಗೂಸಿಗೂ ಸಹ, ಎಕ್ಸಿಟ್-ರೀಎಂಟ್ರಿ ವೀಸಾ ಬೇಕು. ನಾವು ಒಮ್ಮೆ ಮಗಳ ವೀಸಾ ಮಾಡಿಸಲು ಮರೆತು, ಗಂಟೆಗಟ್ಟಲೆ ಸಾಲಿನಲ್ಲಿ ಕಾದು, ಸೇತುವೆಯ ನಡುವಿನಿಂದ ಮರಳಿದೆವು. ಹಿಂದಿನ ಸೀಟಿನಲ್ಲಿ ಬುತ್ತಿಯ ಚಿತ್ರಾನ್ನ, ಪಕ್ಕದಲ್ಲಿ ಅಳುವ ಮಗಳು. ಕಾರು ನಿಮ್ಮ ಹೆಸರಿನಲ್ಲಿಲ್ಲದಿದ್ದರೆ ಮಾಲೀಕರ ಅನುಮತಿಯೂ ಬೇಕು.

ದರ, ವೇಳಾಪಟ್ಟಿ, ವೀಸಾ ನಿಯಮಗಳು ಬದಲಾಗುತ್ತಿರುತ್ತವೆ. ಹೊರಡುವ ಮುನ್ನ ಇನ್ನೊಮ್ಮೆ ನೋಡಿಕೊಳ್ಳಿ. ಪ್ರಯಾಣ ಸುಖಕರವಾಗಲಿ!