ತಲೆಹೊರೆಯಿಂದ ಸೌದೆ ಡಿಪೋವರೆಗೆ

ನ್ಯಾಮತಿಯ ಬಳಿ ಸಣ್ಣದೊಂದು ಸೌದೆ ಡಿಪೋ ಇಟ್ಟುಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ಬೇಸಿಗೆಯಲ್ಲಿ ಮನೆಗೆ ಬಂದಿದ್ದ. ಎರಡು ಗುಂಟೆ ಜಾಗ, ಒಂದು ತಗಡಿನ ಚಪ್ಪರ, ಒಂದು ತಕ್ಕಡಿ. ಇಷ್ಟೇ ಅವನ ಬಂಡವಾಳ. ಪಕ್ಕದ ಜಾಗವನ್ನೂ ಬಾಡಿಗೆಗೆ ಹಿಡಿದು ವ್ಯಾಪಾರವನ್ನು ದೊಡ್ಡದು ಮಾಡಬೇಕೆಂಬುದು ಅವನ ಆಸೆ. "ಮೇಷ್ಟ್ರೇ, ಮನೆಮನೆಗೂ ಗ್ಯಾಸು ಬಂದಿರುವಾಗ ಸೌದೆಗೆ ದುಡ್ಡು ಹಾಕುವುದು ಸರಿಯೇ? ಕಾಡು ಕಡಿಸುವವನೆಂಬ ಹೆಸರು ಬೇರೆ ಬರುತ್ತದಲ್ಲ?" ಎಂದು ಕೇಳಿದ. ಅವನ ಎರಡು ಪ್ರಶ್ನೆಗಳಿಗೂ ಉತ್ತರ ಈ ವ್ಯಾಪಾರದ ಚರಿತ್ರೆಯಲ್ಲೇ ಇದೆಯೆಂದು ನನಗೆ ಆಮೇಲೆ ಹೊಳೆಯಿತು. ಅವನಿಗೆ ಹೇಳಬೇಕೆನಿಸಿದ್ದನ್ನು ನಿಮ್ಮೆಲ್ಲರ ಮುಂದೆಯೂ ಇಡುತ್ತಿದ್ದೇನೆ.

ಮೊದಲು ನಮ್ಮ ಸೀಮೆಯ ಸ್ವರೂಪವನ್ನು ನೆನೆಯೋಣ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದದ್ದು ತೀರ ಈಚೆಗೆ. ಚನ್ನಗಿರಿಯಲ್ಲಿ ಉಬ್ರಾಣಿ ಕಡೆಯ ಗುಡ್ಡಗಾಡು, ಸೂಳೆಕೆರೆಯ ನೀರು, ಅಡಿಕೆಯ ತೋಟ. ಹೊನ್ನಾಳಿಯಲ್ಲಿ ತುಂಗಭದ್ರೆಯ ದಂಡೆ, ಬತ್ತದ ಗದ್ದೆ. ಜಗಳೂರಿನಲ್ಲಿ ಮಳೆಯನ್ನೇ ನಂಬಿದ ಬಯಲು, ಕುರುಚಲು ಕಾಡು. ಒಂದು ಕಡೆ ಒಲೆ ಹೆಚ್ಚು, ಇನ್ನೊಂದು ಕಡೆ ಸೌದೆ ಹೆಚ್ಚು. ಈ ಅಂತರವೇ ಸೌದೆ ವ್ಯಾಪಾರದ ಮೂಲ.

ಹಿಂದೆ ಹಳ್ಳಿಯಲ್ಲಿ ಸೌದೆ ಮಾರಾಟದ ವಸ್ತುವಾಗಿರಲಿಲ್ಲ. ಬದುವಿನ ಮರದ ಒಣರೆಂಬೆ, ತೊಗರಿಕಡ್ಡಿ, ಹತ್ತಿಕಟ್ಟಿಗೆ, ಬೆರಣಿ, ಗೋಮಾಳದ ಪುಳ್ಳೆ, ಇವುಗಳಿಂದಲೇ ಒಲೆ ಉರಿಯುತ್ತಿತ್ತು. ದುಡ್ಡು ಕೊಟ್ಟು ಕೊಳ್ಳುತ್ತಿದ್ದವರು ಪೇಟೆಯವರು. ಸಂತೆಯ ದಿನ ತಲೆಹೊರೆ ಹೊತ್ತು ಬರುವ ಹೆಂಗಸರು, ಎತ್ತಿನ ಗಾಡಿಯಲ್ಲಿ ತರುವ ಗಂಡಸರು ಅವರಿಗೆ ಸೌದೆ ಒದಗಿಸುತ್ತಿದ್ದರು. ಹೊರೆಗೆ ತೂಕವಿಲ್ಲ, ಕಣ್ಣಂದಾಜಿನ ಬೆಲೆ. ಮಧ್ಯಾಹ್ನವಾದರೂ ಹೊರೆ ಉಳಿದಿದ್ದರೆ ಕೇಳಿದಷ್ಟಕ್ಕೆ ಕೊಟ್ಟು ಹೋಗಲೇಬೇಕು. ಹೊತ್ತು ತಂದದ್ದನ್ನು ಮತ್ತೆ ಹೊತ್ತು ಒಯ್ಯಲಾದೀತೆ?

1864ರಲ್ಲಿ ಮೈಸೂರು ಸೀಮೆಗೆ ಅರಣ್ಯ ಇಲಾಖೆ ಬಂದಿತು. ಕಾಡಿಗೆ ಗಡಿಕಲ್ಲು ಬಿದ್ದಿತು, ಸೌದೆ ಸರ್ಕಾರದ ಆದಾಯದ ಬಾಬ್ತಾಯಿತು. ಕಾಡನ್ನು ಕೂಪುಗಳಾಗಿ ವಿಂಗಡಿಸಿ ಹರಾಜು ಹಾಕುವ ಪದ್ಧತಿ ಬೆಳೆಯಿತು. ಹರಾಜಿನಲ್ಲಿ ಕೂಗುವ ಶಕ್ತಿಯುಳ್ಳವನು ಗುತ್ತಿಗೆದಾರನಾದ, ತಲೆಹೊರೆಯವಳು ಗಾರ್ಡಿನ ಕಣ್ಣು ತಪ್ಪಿಸಿ ನಡೆಯುವವಳಾದಳು. ಸಣ್ಣ ವ್ಯಾಪಾರಕ್ಕೂ ದೊಡ್ಡ ವ್ಯಾಪಾರಕ್ಕೂ ನಡುವೆ ಗೋಡೆ ಎದ್ದದ್ದು ಆಗಲೇ.

ಆ ಕಾಲದ ಅತಿದೊಡ್ಡ ಒಲೆ ನಮ್ಮ ನೆರೆಯ ಭದ್ರಾವತಿಯಲ್ಲಿತ್ತು. ಮೈಸೂರು ಸಂಸ್ಥಾನದಲ್ಲಿ ಕಬ್ಬಿಣದ ಅದಿರಿತ್ತು, ಕಲ್ಲಿದ್ದಲಿರಲಿಲ್ಲ. ಆದುದರಿಂದ 1923ರಲ್ಲಿ ಉತ್ಪಾದನೆ ಆರಂಭಿಸಿದ ಅಲ್ಲಿನ ಕಬ್ಬಿಣದ ಕಾರ್ಖಾನೆ ಮರದ ಇದ್ದಿಲನ್ನೇ ಉರಿಸಿತು. ಮಲೆನಾಡಿನ ಕಾಡಿನ ಮರಗಳು ಬಟ್ಟಿ ಇಳಿಸುವ ಘಟಕಕ್ಕೆ ಬಂದು ಇದ್ದಿಲಾಗಿ ಕುಲುಮೆಗೆ ಹೋದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಬಸ್ಸುಗಳು ಕೂಡ ಇದ್ದಿಲಿನ ಅನಿಲದಿಂದ ಓಡಿದವು. ಮರ ಮನೆಯ ಒಲೆಗೆ ಮಾತ್ರವಲ್ಲ, ನಾಡಿನ ಉದ್ಯಮಕ್ಕೂ ಸಾರಿಗೆಗೂ ಉರುವಲಾಗಿತ್ತೆಂಬುದನ್ನು ನಾವು ಮರೆತಿದ್ದೇವೆ.

ಹಾಗಿದ್ದರೂ ಕಾಡು ಹಾಳಾದದ್ದಕ್ಕೆ ಅಪವಾದ ಹೊತ್ತವಳು ತಲೆಹೊರೆಯ ಹೆಂಗಸು. ಆ ಅಪವಾದವನ್ನು ಲೆಕ್ಕ ಹಾಕಿ ಪರೀಕ್ಷಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ಅಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರವು ತುಮಕೂರು ಜಿಲ್ಲೆಯ ಪುರ ಎಂಬ ಪುಟ್ಟ ಹಳ್ಳಿಯಲ್ಲಿ ಮನೆಮನೆಯ ಉರುವಲನ್ನೂ ಅಳೆಯಿತು. ಹಳ್ಳಿಯವರು ಉರಿಸುವ ಸೌದೆಯ ಬಹುಪಾಲು ಕೊಂಡದ್ದಲ್ಲ, ಆರಿಸಿ ತಂದದ್ದು. ಅದೂ ಕಡಿದ ದಿಮ್ಮಿಯಲ್ಲ, ಕಡ್ಡಿ-ರೆಂಬೆಗಳು ಎಂದು ತಿಳಿದುಬಂದಿತು. ದಿಮ್ಮಿಗಳು ಹೋಗುತ್ತಿದ್ದುದು ಪಟ್ಟಣಗಳಿಗೆ, ಲಾರಿಗಳಲ್ಲಿ. ಹೊಗೆ ಕಡಿಮೆಯಾಗಿ ಸೌದೆ ಉಳಿಯುವ 'ಅಸ್ತ್ರ ಒಲೆ' ರೂಪುಗೊಂಡದ್ದೂ ಈ ಕೇಂದ್ರದಲ್ಲಿಯೇ. ನನ್ನ ಶಿಷ್ಯನ ಎರಡನೆಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ: ಸೌದೆ ಉರಿಸುವುದರಿಂದಲೇ ಕಾಡು ನಾಶವಾಗುವುದಿಲ್ಲ, ಯಾವ ಮರ, ಯಾರ ಜಮೀನಿನದು, ಹೇಗೆ ಬಂದಿತು ಎಂಬುದರ ಮೇಲೆ ಪಾಪ-ಪುಣ್ಯದ ತೀರ್ಮಾನ.

1983ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕದಲ್ಲಿ ಸಾಮಾಜಿಕ ಅರಣ್ಯ ಯೋಜನೆ ಆರಂಭವಾಯಿತು. ಹಳ್ಳಿಗೆ ಸೌದೆ, ಮೇವು ಒದಗಿಸುವುದು ಅದರ ಹೇಳಿಕೆ. ಎಲ್ಲೆಡೆ ಎದ್ದದ್ದು ಮಾತ್ರ ನೀಲಗಿರಿ. ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಇತ್ತು. ನೀಲಗಿರಿಯ ಕಾಂಡ ಅದರ ತಿರುಳಿಗೆ ಬೇಕಾದ ಸರಕು. ಕಾಂಡ ಕಾರ್ಖಾನೆಗೆ ಹೋದರೆ ತುದಿ-ರೆಂಬೆಗಳು ಸೌದೆಗೆ ಉಳಿದವು. ಆ ಕಾರ್ಖಾನೆಗಾಗಿ ಹಳ್ಳಿಗಳ ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ಬೆಳೆಸಹೊರಟಾಗ, 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸಸಿಗಳನ್ನು ಕಿತ್ತು ಬೇರೆ ಗಿಡ ನೆಟ್ಟರು. ಅದೇ 'ಕಿತ್ತಿಕೋ-ಹಚ್ಚಿಕೋ' ಚಳವಳಿ. ಗೋಮಾಳವೆಂದರೆ ಪಾಳುನೆಲವಲ್ಲ, ಬಡವರ ಸೌದೆಮನೆ ಎಂದು ಆ ಜನ ಸರ್ಕಾರಕ್ಕೆ ಕಲಿಸಿದರು.

ಆಮೇಲೆ ಹಳೆಯ ಎರಡು ಆಧಾರಗಳೂ ಒಂದೊಂದಾಗಿ ಕುಸಿದವು. 1996ರ ಡಿಸೆಂಬರ್ 12ರಂದು ಗೋದವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ನೀಡಿದ ಆದೇಶವು ಕೇಂದ್ರ ಒಪ್ಪಿದ ಕಾರ್ಯಯೋಜನೆಯಿಲ್ಲದೆ ಕಾಡಿನಲ್ಲಿ ಮರ ಕಡಿಯುವುದನ್ನು ತಡೆಯಿತು. ಸೀಮೆಎಣ್ಣೆಯ ಸ್ಟೌ, ಗ್ಯಾಸು, 2016ರ ಉಜ್ವಲ ಯೋಜನೆಗಳು ಮನೆಯ ಗಿರಾಕಿಯನ್ನು ಕರೆದೊಯ್ದವು. ಹೆಣ್ಣುಮಕ್ಕಳ ಕಣ್ಣಿಗೂ ಎದೆಗೂ ಹೊಗೆಯಿಂದ ಬಿಡುಗಡೆಯಾದದ್ದು ದೊಡ್ಡ ಭಾಗ್ಯ. ಅದಕ್ಕೆ ಸೌದೆ ವ್ಯಾಪಾರಿಯೂ ಸಂತೋಷಪಡಬೇಕು.

ಹಾಗಾದರೆ ಈ ವ್ಯಾಪಾರ ಮುಗಿಯಿತೆ? ಇಲ್ಲ, ಒಲೆ ಮನೆಯಿಂದ ಹೊರಗೆ ಹೋಯಿತು, ಅಷ್ಟೆ. ದಾವಣಗೆರೆಯ ಬೆಣ್ಣೆದೋಸೆಯ ಹೆಂಚಿಗೆ ಸೌದೆಯ ಉರಿಯೇ ಬೇಕೆನ್ನುವ ಹೋಟೆಲಿನವರಿದ್ದಾರೆ. ಮದುವೆ-ಜಾತ್ರೆಗಳ ದೊಡ್ಡ ಅಡುಗೆ, ಇಟ್ಟಿಗೆ ಗೂಡು, ಕೊನೆಗೆ ಸ್ಮಶಾನ, ಇವೆಲ್ಲ ಇವೆ. ಎಲ್ಲಕ್ಕಿಂತ ಮಿಗಿಲಾಗಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಲ್ಲಿ ಅಡಿಕೆ ಹಬ್ಬಿದೆ. ನಮ್ಮಲ್ಲಿ ಹಸಿ ಅಡಿಕೆಯನ್ನು ಸುಲಿದು, ಚೊಗರು ಹಾಕಿ ಹಂಡೆಯಲ್ಲಿ ಬೇಯಿಸಿ, ಒಣಗಿಸಿ ಮಾರುವ ಪದ್ಧತಿ. ಖೇಣಿದಾರರು ತೋಟಗಳ ಫಸಲು ಹಿಡಿದು ಹಗಲಿರುಳು ಬೇಯಿಸುವಾಗ ಆ ಒಲೆಗಳು ಆರುವುದೇ ಇಲ್ಲ.

ಇಲ್ಲಿಯೇ ಸಣ್ಣ ವ್ಯಾಪಾರಿಯ ಗುಟ್ಟು ಇರುವುದು. ಅಡಿಕೆ ಕೊಯ್ಲು ಮಳೆಗಾಲದಲ್ಲೇ ಆರಂಭವಾಗುತ್ತದೆ. ಸೌದೆ ಒಣಗುವುದು ಬೇಸಿಗೆಯಲ್ಲಿ. ಮಾಘ-ಫಾಲ್ಗುಣದಲ್ಲಿ ಕೊಂಡು, ಸೀಳಿ, ಗಾಳಿಯಾಡುವಂತೆ ಅಟ್ಟಿ ಹಾಕಿ, ಶ್ರಾವಣಕ್ಕೆ ಚಪ್ಪರದಡಿ ಒಣಸೌದೆ ಇಟ್ಟುಕೊಂಡವನೇ ಗೆದ್ದವನು. ಒಂದು ಲೆಕ್ಕ ನೋಡಿ. ಶೇಕಡ 45ರಷ್ಟು ನೀರಿರುವ ಹತ್ತು ಟನ್ ಹಸಿ ಸೌದೆಯಲ್ಲಿ ನಿಜವಾದ ಮರ ಐದೂವರೆ ಟನ್. ನೀರಿನ ಅಂಶ ಶೇಕಡ 20ಕ್ಕೆ ಇಳಿಯುವಷ್ಟು ಒಣಗಿದರೆ ತಕ್ಕಡಿಯಲ್ಲಿ ಉಳಿಯುವುದು ಏಳು ಟನ್ನಿಗೂ ಸ್ವಲ್ಪ ಕಡಿಮೆ. ನೂರು ರೂಪಾಯಿಯ ದರದಲ್ಲಿ ಕೊಂಡವನು ಅದೇ ತೂಕಕ್ಕೆ ನೂರ ನಲವತ್ತೈದು ಪಡೆದರೂ ಅಸಲು ಮಾತ್ರ. ಕೂಲಿ, ಬಾಡಿಗೆ, ಬಡ್ಡಿ ಇನ್ನೂ ಬಾಕಿ. ಈ ಲೆಕ್ಕ ಅರಿಯದೆ ಜಾಗ ಹಿಗ್ಗಿಸಿದವನು ಸಾಲಕ್ಕೆ ಸಿಕ್ಕುತ್ತಾನೆ. ಅರಿತೂ ಹಸಿಯದನ್ನೇ ಒಣಸೌದೆಯೆಂದು ಮಾರುವವನು ಗಿರಾಕಿಗೆ ನೀರು ಮಾರುತ್ತಾನೆ. ಹಸಿಸೌದೆಯ ಉರಿಯ ಒಂದು ಪಾಲು ಶಾಖ ಆ ನೀರನ್ನು ಹಬೆಯಾಗಿಸುವುದಕ್ಕೇ ವ್ಯಯವಾಗುತ್ತದೆ.

ಇನ್ನು ಸೌದೆಯನ್ನು ಎಲ್ಲಿಂದ ತರುವುದು? ಜಗಳೂರಿನ ಬಯಲಲ್ಲಿ ಬಳ್ಳಾರಿ ಜಾಲಿ ಇದೆ. ಅಮೆರಿಕ ಖಂಡದ ಈ ಗಿಡ 19ನೇ ಶತಮಾನದ ಉತ್ತರಾರ್ಧದಲ್ಲಿ ನಮ್ಮ ದೇಶಕ್ಕೆ ಬಂದಿತು. ಹೊಲ, ಕೆರೆಯಂಗಳಗಳನ್ನು ನುಂಗುವ ಮುಳ್ಳುಗಿಡವೆಂದು ಬೈಸಿಕೊಂಡರೂ ಗಟ್ಟಿಯಾಗಿ ಉರಿಯುತ್ತದೆ, ಕಡಿದಷ್ಟೂ ಚಿಗುರುತ್ತದೆ. ರೈತ ತನ್ನ ಹೊಲ ಬಿಡಿಸಿಕೊಳ್ಳಲು ಕಡಿಸುವ ಜಾಲಿ, ಮುದಿಯಾದ ತೋಟದ ಮರ, ನೀಲಗಿರಿಯ ರೆಂಬೆ ಇವೇ ಇಂದಿನ ನ್ಯಾಯವಾದ ಸರಕು. ಆದರೆ ಕಾಡು ಕಾಡೇ. ಜಗಳೂರಿನ ರಂಗಯ್ಯನದುರ್ಗ 2011ರಲ್ಲಿ ಕೊಂಡುಕುರಿಯ ವನ್ಯಧಾಮವೆಂದು ಘೋಷಿತವಾಗಿದೆ. ನಾಲ್ಕು ಕೊಂಬಿನ ಆ ಅಂಜುಬುರುಕ ಪ್ರಾಣಿಗೆ ನಮ್ಮ ಕೊಡಲಿಯ ಸದ್ದು ಕೇಳಬಾರದು. ಖಾಸಗಿ ಜಮೀನಿನ ಮರಕ್ಕೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ನೀಲಗಿರಿ, ಸರ್ವೆ, ಸುಬಾಬುಲ್‌ನಂಥ ಕೆಲವಕ್ಕೆ ಕಡಿಯಲು ವಿನಾಯಿತಿ ಇದೆ. ಉಳಿದವಕ್ಕೆ ಅನುಮತಿ ಬೇಕು. ಮರದ ಜಾತಿ, ಸರ್ವೆ ನಂಬರು, ಮಾಲೀಕನ ಒಪ್ಪಿಗೆ ಇವನ್ನು ಬರೆದಿಟ್ಟ ಪುಸ್ತಕವೇ ಡಿಪೋದ ನಿಜವಾದ ಬೇಲಿ.

ಶಿಷ್ಯನಿಗೆ ನಾನು ಬರೆದು ಕಳಿಸಿದ್ದು ಇಷ್ಟು: "ಅಪ್ಪಾ, ಮೊದಲು ಚಪ್ಪರ ದೊಡ್ಡದು ಮಾಡು, ಜಾಗ ಆಮೇಲೆ. ಮಾರುವ ತಕ್ಕಡಿಯೂ ಕೊಳ್ಳುವ ತಕ್ಕಡಿಯೂ ಒಂದೇ ಇರಲಿ. ಬದುವಿನ ಕಟ್ಟಿಗೆ ಆರಿಸಿ ಹೊರೆ ಹೊತ್ತು ಬರುವ ಹೆಂಗಸಿಗೂ ಅದೇ ತಕ್ಕಡಿಯಲ್ಲಿ ತೂಗಿ, ಅಂದಂದಿನ ದುಡ್ಡು ಅಂದಂದೇ ಕೊಡು. ಕಡಿಮೆ ಸೌದೆಯಲ್ಲಿ ಹೆಚ್ಚು ಬೇಯಿಸುವ ಒಲೆ ಬಂದರೆ ಹೆದರಬೇಡ, ಅಂಥ ಒಲೆಗೆ ಒಣಸೌದೆಯೇ ಬೇಕು."

ಅವನು ಈ ಸಲ ಪಕ್ಕದ ಜಾಗ ಹಿಡಿದಿಲ್ಲ, ಚಪ್ಪರವನ್ನು ಮಾತ್ರ ಎರಡರಷ್ಟು ಮಾಡಿದ್ದಾನೆ. ಶ್ರಾವಣದಲ್ಲಿ ಬಂದು ನೋಡಬೇಕೆಂದು ಕರೆದಿದ್ದಾನೆ. ಹೋಗಬೇಕು, ತಲೆಹೊರೆಯವರಿಗೆ ತೂಕ ಹೇಗೆ ಹಾಕುತ್ತಾನೆಂದು ನೋಡಿ ಬರಬೇಕು.