ದಾಖಲೆಯಲ್ಲಿಲ್ಲದ ಹೆಸರು: ನಮ್ಮ ಅಜ್ಜಿಯ ಸ್ಮರಣೆ

ದೇವಾಲಯವೊಂದು ನೂರು ವರ್ಷ ತುಂಬಿದಾಗ ಅಸ್ತಿಭಾರ ಹಾಕಿದ ಧರ್ಮಾಧ್ಯಕ್ಷರನ್ನೂ, ಗೋಪುರ ಕಟ್ಟಿಸಿದ ಗುರುಗಳನ್ನೂ, ನೆರವಾದ ದಾನಿಗಳನ್ನೂ ಸ್ಮರಿಸುವುದು ವಾಡಿಕೆ. ಈ ಸಂಚಿಕೆಯ ಬೇರೆ ಪುಟಗಳಲ್ಲಿ ಆ ಕರ್ತವ್ಯವು ಯೋಗ್ಯವಾಗಿ ನೆರವೇರಿದೆ. ನಮ್ಮ ಪಾಲಿಗೆ ಬಂದ ಈ ಪುಟಗಳಲ್ಲಿ, ಯಾವ ಶಿಲಾಫಲಕದ ಮೇಲೂ ಕೆತ್ತಿರದ ಒಂದು ಬಳಗವನ್ನು ನೆನೆಯಬೇಕೆಂದು ಬಯಸಿದ್ದೇವೆ. ಅವರು ನಮ್ಮ ಅಜ್ಜಿಯಂದಿರು.

ಶತಮಾನೋತ್ಸವದ ಸಿದ್ಧತೆಗಾಗಿ ಹಳೆಯ ದೀಕ್ಷಾಸ್ನಾನದ ದಾಖಲೆ ಪುಸ್ತಕಗಳನ್ನು ತಿರುವಿ ನೋಡುತ್ತಿದ್ದಾಗ, ಲತೀನ್ ನಮೂದುಗಳ ನಡುವೆ ‘ಆಬ್ ಒಬ್‌ಸ್ತೇತ್ರೀಚೆ’ ಎಂಬ ಎರಡು ಪದಗಳು ಅಲ್ಲಲ್ಲಿ ನಮ್ಮ ಕಣ್ಣಿಗೆ ಬಿದ್ದವು. ‘ಸೂಲಗಿತ್ತಿಯಿಂದ’ ಎಂದು ಅವುಗಳ ಅರ್ಥ. ಹುಟ್ಟಿದ ಕೂಸು ಉಳಿಯುವುದಿಲ್ಲವೆಂದು ತೋರಿದಾಗ, ಗುರುಗಳಿಗಾಗಿ ಕಾಯಲು ಸಮಯವಿಲ್ಲದಿದ್ದರೆ, ಯಾರು ಬೇಕಾದರೂ ಧರ್ಮಸಭೆಯ ಉದ್ದೇಶವನ್ನೇ ಮನಸ್ಸಿನಲ್ಲಿಟ್ಟು, ನೀರೆರೆದು, ತ್ರಿಯೇಕ ದೇವರ ನಾಮದಲ್ಲಿ ದೀಕ್ಷಾಸ್ನಾನ ಕೊಡಬಹುದೆಂಬುದು ಧರ್ಮಸಭೆಯ ಪುರಾತನ ಬೋಧನೆ. ಕೂಸು ಬದುಕಿ ಉಳಿದರೆ ಉಳಿದ ವಿಧಿಗಳನ್ನು ಅನಂತರ ದೇವಾಲಯದಲ್ಲಿ ಪೂರೈಸುತ್ತಿದ್ದರು. ಆ ನಮೂದುಗಳಲ್ಲಿ ಮಗುವಿನ ಹೆಸರಿದೆ, ತಂದೆತಾಯಿಗಳ ಹೆಸರಿದೆ, ಗುರುಗಳ ಸಹಿಯಿದೆ. ನೀರೆರೆದವಳ ಹೆಸರು ಮಾತ್ರ ಇಲ್ಲ. ಇದನ್ನು ಓದಿದೊಡನೆ ನಮಗೆ ನಮ್ಮ ತಂದೆಯ ತಾಯಿಯ ನೆನಪಾಯಿತು. ಅವರೂ ಬೇರೊಂದು ಊರಿನ ಪುಸ್ತಕದಲ್ಲಿ ಇಂಥವೇ ಎರಡು ಪದಗಳಾಗಿ ಉಳಿದಿರುವವರು.

ಮೈಸೂರು ಸೀಮೆಯ ಧರ್ಮಸಭೆಯ ಚರಿತ್ರೆಯನ್ನು ಬಲ್ಲವರಿಗೆ ಇದು ಆಶ್ಚರ್ಯದ ಸಂಗತಿಯಲ್ಲ. 17ನೆಯ ಶತಮಾನದ ಮಧ್ಯಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿಯವರಿಂದ ಇಲ್ಲಿಯ ಧರ್ಮಕಾರ್ಯ ಮೊದಲಾಯಿತು. 1773ರಲ್ಲಿ ಯೇಸುಸಭೆಯೇ ವಿಸರ್ಜನೆಗೊಂಡಾಗ ಗುರುಗಳು ವಿರಳರಾದರು. ಅದರ ಹಿಂದೆಯೇ ಯುದ್ಧಗಳೂ ಸಂಕಟಗಳೂ ಬಂದವು. 1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಅಬ್ಬೆ ದ್ಯುಬುವಾ ಅವರು ಈ ಸೀಮೆಗೆ ಬಂದು ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸಿದರು. ಗುರುಗಳಿಲ್ಲದ ಆ ವರ್ಷಗಳಲ್ಲಿ ಮಕ್ಕಳಿಗೆ ಶಿಲುಬೆಯ ಗುರುತನ್ನು ಕಲಿಸಿದವರು ಯಾರು? ಯಾವ ಗ್ರಂಥವೂ ಅವರ ಹೆಸರನ್ನು ಹೇಳುವುದಿಲ್ಲ. ಒಲೆಯ ಮುಂದೆ ಮೊಮ್ಮಕ್ಕಳನ್ನು ಕೂಡಿಸಿಕೊಂಡ ಮುದುಕಿಯರೇ ಅವರೆಂದು ನಾವು ಊಹಿಸಿದರೆ ತಪ್ಪಾಗಲಾರದು. 1886ರಲ್ಲಿ ಮೈಸೂರು ಧರ್ಮಕ್ಷೇತ್ರವು ಸ್ಥಾಪನೆಯಾದ ಮೇಲೂ ಒಬ್ಬ ಗುರು ಅನೇಕ ಹಳ್ಳಿಗಳನ್ನು ನೋಡಿಕೊಳ್ಳಬೇಕಾಗಿತ್ತು.

ಅಂಥದೊಂದು ಹಳ್ಳಿಯಲ್ಲಿ ನಮ್ಮ ಅಜ್ಜಿ ಬಾಳಿದರು. ಹುಟ್ಟಿದ ವರ್ಷವನ್ನು ಕೇಳಿದರೆ, 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ತಾವು ತೊಟ್ಟಿಲ ಕೂಸೆಂದು ತಾಯಿ ಹೇಳುತ್ತಿದ್ದುದನ್ನೇ ಲೆಕ್ಕವಾಗಿ ಕೊಡುತ್ತಿದ್ದರು. ಅಕ್ಷರ ಕಲಿತವರಲ್ಲ. ಭಾರತದಲ್ಲಿ ಒಂದು ಕೋಟಿಗೂ ಮಿಗಿಲಾದ ಜನರನ್ನು ಬಲಿತೆಗೆದುಕೊಂಡ 1918ರ ಇನ್‌ಫ್ಲುಯೆಂಜಾ ಜ್ವರವು ಒಂದೇ ವಾರದಲ್ಲಿ ಅವರ ಗಂಡನನ್ನೂ, ಹೆತ್ತು ಮೂರು ದಿನವಾಗಿದ್ದ ಹೆಣ್ಣುಕೂಸನ್ನೂ ಕೊಂಡೊಯ್ದಿತು. ಆ ಕೂಸಿಗೆ ಅವರೇ ಬಾಣಂತಿಯ ಹಾಸಿಗೆಯಿಂದೆದ್ದು ನೀರೆರೆದರು. ಉಳಿದವನು ಒಬ್ಬನೇ ಮಗ, ನಮ್ಮ ತಂದೆ.

ಇಪ್ಪತ್ತರ ಹರೆಯದ ಆ ವಿಧವೆ ಮುಂದೆ ಸುತ್ತಣ ಹಳ್ಳಿಗಳಿಗೆಲ್ಲ ಸೂಲಗಿತ್ತಿಯಾದರು. ಮತ ಯಾವುದು, ಕುಲ ಯಾವುದು ಎಂದು ಕೇಳದೆ ನಡುರಾತ್ರಿಯಲ್ಲಿ ಲಾಂದ್ರ ಹಿಡಿದು ಹೊರಡುತ್ತಿದ್ದರು. ಕೂಲಿಯೆಂದು ಕೇಳಿದವರಲ್ಲ, ಕೊಟ್ಟ ರಾಗಿಯನ್ನು ಬೇಡವೆಂದವರೂ ಅಲ್ಲ. ಮನೆಯಲ್ಲಿ ರಾಗಿ ಬೀಸುವಾಗಲೆಲ್ಲ ಒಂದು ಹಿಡಿಯನ್ನು ಬೇರೊಂದು ಮಡಕೆಗೆ ಹಾಕುತ್ತಿದ್ದರು. ಅದು ದೇವಾಲಯದ ಪಾಲು. ನಾವು ಹಸಿದು ಅತ್ತಾಗಲೂ ಆ ಮಡಕೆಗೆ ಕೈಹಾಕಲು ಬಿಡುತ್ತಿರಲಿಲ್ಲ.

ಪರಮಪ್ರಸಾದ ಸ್ವೀಕರಿಸುವವರು ಮಧ್ಯರಾತ್ರಿಯಿಂದ ನೀರನ್ನೂ ಮುಟ್ಟಬಾರದೆಂಬ ನಿಯಮ ಅವರ ಕಾಲದಲ್ಲಿತ್ತು. 1953ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸರು ನೀರಿಗೆ ಅನುಮತಿಯಿತ್ತರು. 1957ರಲ್ಲಿ ಉಪವಾಸವನ್ನು ಮೂರು ಗಂಟೆಗೂ, 1964ರಲ್ಲಿ ಆರನೆಯ ಪೌಲರು ಒಂದು ಗಂಟೆಗೂ ಇಳಿಸಿದರು. ಅಜ್ಜಿಯ ಉಪವಾಸ ಮಾತ್ರ ಕೊನೆಯವರೆಗೂ ಮಧ್ಯರಾತ್ರಿಯಿಂದಲೇ ನಡೆಯಿತು. ಎರಡನೆಯ ವ್ಯಾಟಿಕನ್ ಮಹಾಸಭೆಯ ಫಲವಾಗಿ ಬಲಿಪೂಜೆಯು ಕನ್ನಡಕ್ಕೆ ಬಂದಾಗ, “ಗುರುಗಳಿಗೆ ಉತ್ತರ ಹೇಳುತ್ತ ನಿಂತರೆ ಜಪಸರ ಯಾವಾಗ ಹೇಳುವುದು?” ಎಂದು ಗೊಣಗಿದರು. ಕೆಲವು ತಿಂಗಳುಗಳಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಉತ್ತರ ಹೇಳಿದವರೂ ಅವರೇ.

ಇನ್ನು ನಮ್ಮ ಒಂದು ತಪ್ಪನ್ನು ಇಲ್ಲಿ ನಿವೇದಿಸಬೇಕಾಗಿದೆ. ಗುರುಮಠದಲ್ಲಿ ಓದುತ್ತಿದ್ದಾಗ ರಜೆಗೆ ಊರಿಗೆ ಹೋಗಿದ್ದೆವು. ಸಂಜೆಯ ಜಪದಲ್ಲಿ ಅಜ್ಜಿ ಹಳೆಯ ಪ್ರಾರ್ಥನೆಗಳನ್ನು ಪದ ಮುರಿದು, ಅಕ್ಷರ ನುಂಗಿ ಹೇಳುತ್ತಿದ್ದರು. ಹೊಸದಾಗಿ ದೈವಶಾಸ್ತ್ರ ಕಲಿತಿದ್ದ ಅಹಂಕಾರದಿಂದ ಎಲ್ಲರ ಮುಂದೆ ನಾವು ಅವರನ್ನು ಮತ್ತೆ ಮತ್ತೆ ತಿದ್ದಿದೆವು. “ನೀನು ಓದಿದವನಪ್ಪ, ಸರಿಯಾಗಿ ಹೇಳು. ನಾನು ಹೇಳಿದ್ದನ್ನು ದೇವರೇ ತಿದ್ದಿಕೊಂಡು ಕೇಳುತ್ತಾನೆ” ಎಂದಷ್ಟೇ ಹೇಳಿ ಸುಮ್ಮನಾದರು. ಅಲ್ಲಿಗೆ ಮುಗಿಯಿತೆಂದು ನಾವು ತಿಳಿದೆವು.

ಮುಗಿದಿರಲಿಲ್ಲ. ಮರುವರ್ಷ ಅವರು ಹಾಸಿಗೆ ಹಿಡಿದರೆಂಬ ಸುದ್ದಿ ತಿಳಿದು ಹೋದಾಗ, ನಮ್ಮನ್ನು ಹತ್ತಿರಕ್ಕೆ ಕರೆದು, ಬೇರೆಯವರಿಗೆ ಕೇಳಿಸದಂತೆ, “ಜಪದ ಮಾತುಗಳೇ ತಪ್ಪಾಗಿದ್ದರೆ, ನಾನು ಕೂಸುಗಳಿಗೆ ನೀರೆರೆಯುವಾಗ ಹೇಳಿದ್ದೂ ತಪ್ಪಾಗಿತ್ತೇನೋ? ನನ್ನ ಮಗಳಿಗೂ?” ಎಂದು ಕೇಳಿದರು. ಅರುವತ್ತು ವರ್ಷಕ್ಕೂ ಹೆಚ್ಚುಕಾಲ ಅಲುಗದೆ ನಿಂತಿದ್ದ ಒಂದು ವಿಶ್ವಾಸವನ್ನು ನಮ್ಮ ಪಾಂಡಿತ್ಯವು ಒಂದು ಸಂಜೆಯಲ್ಲಿ ಅಲುಗಿಸಿತ್ತು. ಆ ಮಾತುಗಳನ್ನು ಒಮ್ಮೆ ಹೇಳಬೇಕೆಂದು ಬೇಡಿಕೊಂಡೆವು. ಅವರು ನಡುಗುವ ಬಲಗೈಯನ್ನು ನೀರೆರೆಯುವಂತೆ ಎತ್ತಿ, ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ ಆ ವಾಕ್ಯವನ್ನು ಹೇಳಿದರು. ಒಂದು ಅಕ್ಷರವೂ ತಪ್ಪಿರಲಿಲ್ಲ. ಉಳಿದ ಜಪಗಳಲ್ಲಿ ಪದಗಳನ್ನು ನುಂಗುತ್ತಿದ್ದ ಆ ಬಾಯಿ ಈ ವಾಕ್ಯವನ್ನು ಮಾತ್ರ ಹಾಗೆಯೇ ಕಾಪಾಡಿಕೊಂಡಿತ್ತು. ಎಲ್ಲವೂ ಸರಿಯಾಗಿದೆಯೆಂದು ಹೇಳಿ, ಅವರ ಪಾದಗಳನ್ನು ಹಿಡಿದು ಕ್ಷಮೆ ಬೇಡಿದೆವು. ಅಂತಿಮ ಸಂಸ್ಕಾರಗಳನ್ನು ಸ್ವೀಕರಿಸಿ, ಮೂರನೆಯ ದಿನ ಅವರು ಪ್ರಭುವಿನಲ್ಲಿ ನಿದ್ರಿಸಿದರು. ನಾವು ಗುರುಪಟ್ಟ ಪಡೆದುದನ್ನು ಅವರು ಕಾಣಲಿಲ್ಲ.

ಅಂದಿನಿಂದ ಇಂದಿನವರೆಗೆ ಎಷ್ಟೋ ಕೂಸುಗಳಿಗೆ ನಾವು ದೀಕ್ಷಾಸ್ನಾನ ಕೊಟ್ಟಿದ್ದೇವೆ. ಪ್ರತಿಸಲವೂ ಆ ನಡುಗುವ ಕೈ ನೆನಪಿಗೆ ಬರುತ್ತದೆ.

ಸಂತ ಪೌಲರು ತಿಮೊಥೇಯನಿಗೆ ಬರೆದ ಎರಡನೆಯ ಪತ್ರದಲ್ಲಿ, ಅವನ ವಿಶ್ವಾಸವು ಮೊದಲು ಅಜ್ಜಿ ಲೋವಿಯಲ್ಲಿಯೂ ಅನಂತರ ತಾಯಿ ಯೂನೀಕೆಯಲ್ಲಿಯೂ ನೆಲೆಸಿತ್ತೆಂದು ಸ್ಮರಿಸುತ್ತಾರೆ. ಪ್ರೇಷಿತರು ಒಬ್ಬ ಅಜ್ಜಿಯ ಹೆಸರನ್ನು ಬರೆದಿಟ್ಟರು. ಆದುದರಿಂದ ಅದು ಇಂದಿಗೂ ಉಳಿದಿದೆ. ನಮ್ಮ ಕಾಲದಲ್ಲಿ ಜಗದ್ಗುರು ಫ್ರಾನ್ಸಿಸರು ತಮಗೆ ಪ್ರಾರ್ಥನೆಯನ್ನು ಕಲಿಸಿದವರು ಅಜ್ಜಿ ರೋಸಾ ಎಂದು ಹೇಳುತ್ತಿದ್ದರು. 2021ರಲ್ಲಿ ಅವರು ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ-ಅಜ್ಜಿಯರ ಮತ್ತು ವೃದ್ಧರ ದಿನವನ್ನಾಗಿ ಗೊತ್ತುಪಡಿಸಿದರು.

ಆದುದರಿಂದ, ಪ್ರಿಯ ಬಂಧುಗಳೇ, ಈ ಶತಮಾನೋತ್ಸವದ ವರ್ಷದಲ್ಲಿ ನಿಮ್ಮಲ್ಲಿ ನಮ್ಮದೊಂದು ಬಿನ್ನಹವಿದೆ. ನಿಮ್ಮ ಮನೆಗೆ ವಿಶ್ವಾಸವನ್ನು ತಂದ ಅಜ್ಜಿಯ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಗುರುನಿವಾಸಕ್ಕೆ ತಂದುಕೊಡಿ. ನವೆಂಬರ್ 2ರ ಮೃತರ ಸ್ಮರಣೆಯ ಬಲಿಪೂಜೆಯಲ್ಲಿ ಆ ಹೆಸರುಗಳನ್ನು ಒಂದೊಂದಾಗಿ ಓದಿ, ಅನಂತರ ಅವನ್ನು ದೀಕ್ಷಾಸ್ನಾನದ ಪುಸ್ತಕಗಳ ಪಕ್ಕದಲ್ಲಿಯೇ ಕಾದಿರಿಸುತ್ತೇವೆ. ಮುಂದಿನ ನೂರು ವರ್ಷಗಳ ಇತಿಹಾಸವನ್ನು ಬರೆಯುವವರಿಗೆ ನೀರೆರೆದ ಕೈಗಳ ಹೆಸರೂ ದೊರೆಯಲಿ. ಅವರೆಲ್ಲರ ಆತ್ಮಗಳಿಗೆ ಪ್ರಭುವು ನಿತ್ಯಶಾಂತಿಯನ್ನು ದಯಪಾಲಿಸಲಿ.