ಪಹಣಿಗೆ ಗೊತ್ತಿದ್ದ ವಿದ್ಯೆ, ಫೈಲಿಗೆ ಬಂದದ್ದು ಹೇಗೆ?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಿಮ್ಮದು ಯಾವ ತಾಲೂಕಾದರೂ ಸರಿ, ಮನೆಯಲ್ಲಿರುವ ಪಹಣಿಯೊಂದನ್ನು ತೆಗೆದು ನೋಡಿ. 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರಿರುತ್ತದೆ. ಆ ಹೆಸರು ಹೇಗೆ ಬಂತು ಎಂಬುದಕ್ಕೆ 10ನೇ ಕಾಲಂನಲ್ಲಿ ಎಂಆರ್ ನಂಬರ್ ಇರುತ್ತದೆ. ಪೌತಿ ಖಾತೆಯಾದಾಗ ಅಜ್ಜನ ಹೆಸರು ಪಹಣಿಯಿಂದ ಹೋಗುತ್ತದೆ, ಮ್ಯುಟೇಶನ್ ರಿಜಿಸ್ಟರಿನಲ್ಲಿ ಉಳಿಯುತ್ತದೆ. ಆ ನಂಬರ್ ಹಿಡಿದು ಹಿಂದಕ್ಕೆ ಹೋಗಬಹುದು. ಅಣ್ಣತಮ್ಮಂದಿರ ತಕರಾರಿನಲ್ಲಿ ಎಷ್ಟೋ ಸಲ ಕೈಹಿಡಿಯುವುದು ಈ ದಾರಿಯೇ.

1963ರಲ್ಲಿ ವಂಶಪಾರಂಪರ್ಯದ ಶಾನುಭೋಗಿಕೆ ಹೋಯಿತು, ಗ್ರಾಮಲೆಕ್ಕಿಗರು ಬಂದರು. 2002ರ ಹೊತ್ತಿಗೆ 'ಭೂಮಿ' ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಬರೆಯುವ ಕೈ ಬದಲಾಯಿತು. ಹೊಸದನ್ನು ಬರೆ, ಹಳೇದನ್ನು ಅಳಿಸಬೇಡ ಎಂಬ ನಿಯಮ ಬದಲಾಗಲಿಲ್ಲ.

ಸಾಮಾನ್ಯ ಫೈಲಿಗೆ ಈ ನಿಯಮವಿಲ್ಲ. ಅದೇ ಹೆಸರಿನಲ್ಲಿ ಸೇವ್ ಒತ್ತಿದರೆ ಹಳೆಯದು ಹೋಯಿತು. 1970ರ ದಶಕದ ಕೊನೆಗೆ ಬಂದ ವಿಎಂಎಸ್ ಎಂಬ ವ್ಯವಸ್ಥೆ ಪ್ರತಿ ಸೇವ್‌ಗೂ 1, 2, 3 ಎಂದು ನಂಬರ್ ಕೊಟ್ಟು ಹಳೆಯ ಫೈಲನ್ನೂ ಇಟ್ಟುಕೊಳ್ಳುತ್ತಿತ್ತು. ಆದರೆ ಪ್ರತಿ ಸಲವೂ ಪೂರ್ತಿ ನಕಲು, ಡಿಸ್ಕ್ ಬೇಗ ತುಂಬುತ್ತಿತ್ತು.

ಇದಕ್ಕೆ ಪರಿಹಾರವೇ ಸ್ನ್ಯಾಪ್‌ಶಾಟ್. ಸನ್ ಕಂಪನಿ 2005ರಲ್ಲಿ ಹೊರತಂದ ಝಡ್‌ಎಫ್‌ಎಸ್, 2009ರಲ್ಲಿ ಲಿನಕ್ಸ್ ಸೇರಿದ ಬಿಟಿಆರ್‌ಎಫ್‌ಎಸ್ ಎರಡೂ ಹಳೆಯ ಬರಹದ ಮೇಲೆ ಬರೆಯುವುದಿಲ್ಲ. ಬದಲಾದಷ್ಟನ್ನೇ ಖಾಲಿ ಜಾಗದಲ್ಲಿ ಬರೆಯುತ್ತವೆ. ಯಾವ ತುಂಡು ಎಲ್ಲಿದೆ ಎಂಬ ಅಂದಿನ ನಕ್ಷೆಯನ್ನು ಹಾಗೇ ಹಿಡಿದಿಟ್ಟರೆ ಅದೇ ಸ್ನ್ಯಾಪ್‌ಶಾಟ್. ಬದಲಾಗದ ತುಂಡುಗಳು ಹಳೆಯದಕ್ಕೂ ಹೊಸದಕ್ಕೂ ಒಂದೇ, ಹಾಗಾಗಿ ಜಾಗ ಉಳಿಯುತ್ತದೆ.

ಇದರ ಬೆಲೆ ನಮಗೆ ತಿಳಿದದ್ದು ಪೆಟ್ಟು ತಿಂದ ಮೇಲೆ. ಚನ್ನರಾಯಪಟ್ಟಣದ ಕಡೆಯ ಹಿರಿಯರೊಬ್ಬರು ಕೆರೆ ನೀರಿನ ಸರದಿ ಯಾವ ಗದ್ದೆಯಿಂದ ಯಾವ ಗದ್ದೆಗೆ ಹೋಗುತ್ತಿತ್ತು ಎಂದು ಮುಕ್ಕಾಲು ಗಂಟೆ ಹೇಳಿದ್ದರು. ಮೊಬೈಲಿನಲ್ಲಿ ಮೂರು ನಿಮಿಷಕ್ಕೆ ಕತ್ತರಿಸಿ ಅದೇ ಫೈಲಿಗೆ ಸೇವ್ ಒತ್ತಿದೆವು. ಮತ್ತೆ ಹೋಗಿ ಕೇಳಿದಾಗ ಅವರು ಹೇಳಿದ್ದು ಹತ್ತೇ ನಿಮಿಷ. ಅರ್ಧ ಗದ್ದೆಗಳ ಹೆಸರೇ ಬರಲಿಲ್ಲ.

ಒಂದು ಎಚ್ಚರಿಕೆ: ಸ್ನ್ಯಾಪ್‌ಶಾಟ್ ಇರುವುದು ಅದೇ ಡಿಸ್ಕಿನಲ್ಲಿ. ಡಿಸ್ಕ್ ಕೆಟ್ಟರೆ ಅದೂ ಹೋಗುತ್ತದೆ. ಆದ್ದರಿಂದ ಇನ್ನೊಂದು ನಕಲು ಬೇರೆ ಕಡೆ ಇರಲಿ.

ನಾವೀಗ ಕತ್ತರಿಸುವ ಮೊದಲು ನಕಲು ಮಾಡಿ, ಹೆಸರಿನ ಜೊತೆಗೆ ತಾರೀಖು ಹಾಕುತ್ತೇವೆ. ನೀವೂ ಹಾಗೆ ಮಾಡಿ. ಹೊಸ ಪಹಣಿ ಬಂತೆಂದು ಹಳೆಯದನ್ನು ಒಲೆಗೆ ಹಾಕಬೇಡಿ.